ಮನೆಯ ಸುಶಿಗೆ ಹಸಿ ಮೀನು: 12 ಡಾಲರಿನದೋ, 32 ಡಾಲರಿನದೋ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ನಾವಿಬ್ಬರು ಮತ್ತು 9 ಹಾಗೂ 12 ವರ್ಷದ ಇಬ್ಬರು ಮಕ್ಕಳು. ಈಗ ಅತ್ತೆಯವರೂ ಕೆಲವು ತಿಂಗಳಿಗೆಂದು ಬಂದಿದ್ದಾರೆ. ಮಕ್ಕಳಿಗೆ ಸುಶಿ, ಅಂದರೆ ವಿನೆಗರ್ ಬೆರೆಸಿದ ಅನ್ನದ ಜಪಾನೀ ತಿನಿಸು, ಬಹಳ ಇಷ್ಟ. ನಾವು ನಾಲ್ವರು ಹೊರಗೆ ತಿಂದರೆ 150 ಡಾಲರ್ ದಾಟುತ್ತದೆ. ಮನೆಯಲ್ಲೇ ಮಾಡೋಣವೆಂದು ಜಪಾನೀ ಅಂಗಡಿಗೆ ಹೋದರೆ ‘ಸುಶಿ ಗ್ರೇಡ್’ ಎಂದು ಬರೆದ ಸಾಲ್ಮನ್ ಪೌಂಡಿಗೆ 32 ಡಾಲರ್, ಟ್ಯೂನಾ 38 ಡಾಲರ್ ಇತ್ತು. ಅದೇ ಸಾಲ್ಮನ್ ಮಾಮೂಲಿ ಸೂಪರ್ ಮಾರ್ಕೆಟ್ಟಿನಲ್ಲಿ 12 ಡಾಲರಿಗೆ ಸಿಗುತ್ತದೆ. ಇಷ್ಟೊಂದು ವ್ಯತ್ಯಾಸ ಏಕೆ? ಅಗ್ಗದ ಮೀನನ್ನು ತಂದು ನಮ್ಮ ಫ್ರೀಜರಿನಲ್ಲಿ ಒಂದು ವಾರ ಇಟ್ಟು ಹಸಿಯಾಗಿ ಬಳಸಬಹುದೇ? ನನ್ನ ತವರು ಮಲ್ಪೆಯ ಹತ್ತಿರ. ಮೀನು ತಾಜಾ ಹೌದೋ ಅಲ್ಲವೋ ಎಂದು ನೋಡಿದರೆ ಗೊತ್ತಾಗುತ್ತದೆ. ರಜೆಗೆ ಊರಿಗೆ ಹೋದಾಗ ಅಂಜಲ್ ಮೀನಿನಲ್ಲಿ ಸುಶಿ ಮಾಡಬಹುದೇ?

ಉತ್ತರ: ಆ ಅಂಗಡಿಯವರು ಕೇಳುವ ಬೆಲೆಗೆ ಬಹುಮಟ್ಟಿಗೆ ಕಾರಣವಿದೆ; ಆದರೆ ನೀವು ಕೊಳ್ಳಬೇಕಾದ ಮೀನಿನ ಪ್ರಮಾಣ ನೀವು ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ. ಹಸಿ ಮೀನಿನ ಮೂಲದಲ್ಲಿ ರಾಜಿ ಮಾಡಿಕೊಳ್ಳದೆ ಅದರ ತೂಕವನ್ನು ಇಳಿಸಿದರೆ, ನಿಮ್ಮ ಕುಟುಂಬದ ಒಂದು ರಾತ್ರಿಯ ಸುಶಿ ಹೋಟೆಲಿನ ಮೂರನೇ ಒಂದು ಭಾಗಕ್ಕೂ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಮನೆಯ ಫ್ರೀಜರಿನಲ್ಲಿ ಒಂದು ವಾರ ಇಡುವ ಉಪಾಯವನ್ನು ಮಾತ್ರ ದಯವಿಟ್ಟು ಕೈಬಿಡಿ.

ಬೆಲೆಯ ಮಾತನ್ನೇ ಮೊದಲು ನೋಡೋಣ, ಏಕೆಂದರೆ ಪೌಂಡಿನ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಅನ್ನದ ಮುದ್ದೆಯ ಮೇಲೆ ಮೀನಿನ ಹೋಳಿಟ್ಟು ಕೊಡುವ ನಿಗಿರಿ ಸುಶಿಯಲ್ಲಿ ಒಂದು ಹೋಳು ಸುಮಾರು 12ರಿಂದ 15 ಗ್ರಾಂ ತೂಗುತ್ತದೆ. ಜಪಾನೀ ಅಂಗಡಿಯಲ್ಲಿ ಸಿಗುವುದು ಚರ್ಮ, ಮುಳ್ಳು, ಕಂದು ಮಾಂಸ ಎಲ್ಲವನ್ನೂ ತೆಗೆದು ಇಟ್ಟಿಗೆಯ ಆಕಾರಕ್ಕೆ ಕತ್ತರಿಸಿದ ತುಂಡು; ಅದನ್ನು ಅವರು ಜಪಾನೀ ಭಾಷೆಯಲ್ಲಿ ‘ಸಾಕು’ ಎಂದು ಕರೆಯುತ್ತಾರೆ. ಒಂದು ಪೌಂಡ್, ಅಂದರೆ 454 ಗ್ರಾಂ ಸಾಕುವಿನಲ್ಲಿ ಅಂಚಿನ ಚೂರುಗಳು ಹೋದರೂ 30ಕ್ಕೂ ಹೆಚ್ಚು ಹೋಳುಗಳಾಗುತ್ತವೆ; ಹಾಗಾಗಿ 32 ಡಾಲರಿನ ಸಾಲ್ಮನ್ನಿನಲ್ಲಿ ಹೋಳೊಂದಕ್ಕೆ ಸುಮಾರು ಒಂದು ಡಾಲರ್ ಬೀಳುತ್ತದೆ. ಸೂಪರ್ ಮಾರ್ಕೆಟ್ಟಿನ 12 ಡಾಲರಿನ ತುಂಡು ಚರ್ಮದ ಸಮೇತ ಬರುತ್ತದೆ. ಚರ್ಮ, ಅದಕ್ಕೆ ಅಂಟಿದ ಕಂದು ಪದರ, ಸಣ್ಣ ಮುಳ್ಳುಗಳ ಸಾಲು, ತೆಳುವಾದ ಹೊಟ್ಟೆಯ ಅಂಚು, ಬಾಲದ ಕಡೆಯ ನಾರು ಮಾಂಸ, ಇಷ್ಟನ್ನೂ ತೆಗೆದರೆ ಹೋಳು ಮಾಡಲು ಯೋಗ್ಯವಾಗಿ ಉಳಿಯುವುದು ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು. ಅದರಲ್ಲಿ ಇಪ್ಪತ್ತಕ್ಕೆ ತುಸು ಮೇಲೆ ಹೋಳುಗಳಾದಾವು. ಹೋಳೊಂದಕ್ಕೆ ಅರ್ಧ ಡಾಲರ್. ಪೌಂಡಿನ ಲೆಕ್ಕದಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು ಕಂಡ ಅಂತರ ತಟ್ಟೆಗೆ ಬರುವ ಹೊತ್ತಿಗೆ ಎರಡು ಪಟ್ಟಿಗೆ ಇಳಿಯಿತು. ತೆಗೆದಿಟ್ಟ ಭಾಗವನ್ನು ನೀವು ಸಾರಿಗೋ ಹುರಿಯಲಿಕ್ಕೋ ಬಳಸುವಿರಾದರೆ ಅಷ್ಟು ಉಳಿತಾಯ ಸೇರಿತೆನ್ನಿ, ಆದರೆ ಅದಕ್ಕೆ ತಗಲುವ ಸಮಯವೂ ಲೆಕ್ಕದಲ್ಲಿರಲಿ.

ಈಗ ಇದೇ ಲೆಕ್ಕವನ್ನು ನಿಮ್ಮ ಮನೆಗೆ ಅನ್ವಯಿಸಿ ನೋಡಿ. ನೀವು ನಾಲ್ವರು ಹಸಿ ಮೀನು ತಿನ್ನುವವರಾದರೆ 200 ಗ್ರಾಂ ಸಾಲ್ಮನ್, 150 ಗ್ರಾಂ ಟ್ಯೂನಾ ಧಾರಾಳವಾಗಿ ಸಾಲುತ್ತದೆ. ಉಳಿದ ಹೊಟ್ಟೆಯನ್ನು ಅನ್ನ, ಮೊಟ್ಟೆ, ಸೌತೆಕಾಯಿ, ಬೆಣ್ಣೆಹಣ್ಣು, ಬೇಯಿಸಿದ ಸಿಗಡಿ ತುಂಬಿಸುತ್ತವೆ. ಆ 200 ಗ್ರಾಂ ಸಾಲ್ಮನ್ನಿಗೆ ಸುಮಾರು 14 ಡಾಲರ್, 150 ಗ್ರಾಂ ಟ್ಯೂನಾಕ್ಕೆ ಸುಮಾರು 12ರಿಂದ 13 ಡಾಲರ್, ಒಟ್ಟು 27 ಡಾಲರ್ ಆಗುತ್ತದೆ. ಅಕ್ಕಿ, ವಿನೆಗರ್, ನೋರಿ ಎಂಬ ಒಣ ಕಡಲಪಾಚಿಯ ಹಾಳೆ, ತರಕಾರಿ, ಮೊಟ್ಟೆ, ಸಿಗಡಿಗೆಂದು ಇನ್ನೊಂದು 15 ಡಾಲರ್ ಸೇರಿಸಿದರೂ 42 ದಾಟುವುದಿಲ್ಲ. ಇದರಲ್ಲಿ ಸಾಲ್ಮನ್ನನ್ನು ಮಾತ್ರ ಸೂಪರ್ ಮಾರ್ಕೆಟ್ಟಿನಿಂದ ತಂದಿದ್ದರೆ 200 ಗ್ರಾಂ ಒಳ್ಳೆಯ ಮಾಂಸಕ್ಕಾಗಿ 300 ಗ್ರಾಂ ಕೊಳ್ಳಬೇಕಾಗಿ ಬಂದು ಸುಮಾರು 8 ಡಾಲರ್ ಆಗುತ್ತಿತ್ತು. ಉಳಿತಾಯ 6 ಡಾಲರ್. ಐದು ಜನರ ಮನೆಯಲ್ಲಿ ಒಂದು ರಾತ್ರಿಯ ನೆಮ್ಮದಿಗೆ 6 ಡಾಲರ್ ದೊಡ್ಡ ಮೊತ್ತವೆಂದು ನನಗೆ ಅನ್ನಿಸುವುದಿಲ್ಲ.

ಹಾಗಿದ್ದರೆ ಆ ಹೆಚ್ಚುವರಿ ಹಣ ಯಾವುದಕ್ಕೆ ಸಂದಾಯವಾಗುತ್ತದೆ? ‘ಸುಶಿ ಗ್ರೇಡ್’ ಎಂಬ ಚೀಟಿಗಂತೂ ಅಲ್ಲ. ಅಮೆರಿಕದ ಯಾವ ಕಾನೂನಿನಲ್ಲಿಯೂ ಆ ಮಾತಿಗೆ ವ್ಯಾಖ್ಯಾನವಿಲ್ಲ, ಅದನ್ನು ಪರೀಕ್ಷಿಸಿ ಮುದ್ರೆ ಹಾಕುವ ಅಧಿಕಾರಿಯೂ ಇಲ್ಲ. ಮಾರುವವನು ತನ್ನ ವಿವೇಚನೆಯ ಮೇಲೆ ಅಂಟಿಸುವ ಚೀಟಿ ಅದು. ಜವಾಬ್ದಾರಿಯಿಂದ ವ್ಯಾಪಾರ ಮಾಡುವ ಅಂಗಡಿಯಲ್ಲಿ ಅದಕ್ಕೆ ಅರ್ಥವಿರುತ್ತದೆ, ಇಲ್ಲದ ಅಂಗಡಿಯಲ್ಲಿ ಇರುವುದಿಲ್ಲ. ಕಾನೂನಿನಲ್ಲಿ ಸ್ಪಷ್ಟವಾಗಿ ಇರುವುದು ಬೇರೆಯದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ರೂಪಿಸಿರುವ ಮಾದರಿ ಸಂಹಿತೆಯ ಪ್ರಕಾರ ಹಸಿಯಾಗಿ ಬಡಿಸುವ ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗೆ 7 ದಿನ ಇಟ್ಟಿರಬೇಕು. ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗಿಸಿ ಅದೇ ತಾಪಮಾನದಲ್ಲಿ 15 ಗಂಟೆ ಇಟ್ಟಿರಬೇಕು. ಯುರೋಪಿಯನ್ ಒಕ್ಕೂಟದ ನಿಯಮ ಮೈನಸ್ 20ರಲ್ಲಿ 24 ಗಂಟೆ ಅಥವಾ ಮೈನಸ್ 35ರಲ್ಲಿ 15 ಗಂಟೆ ಎನ್ನುತ್ತದೆ. ಎರಡೂ ನಿಯಮಗಳ ಗುರಿ ಒಂದೇ: ಮೀನಿನ ಮಾಂಸದೊಳಗಿರಬಹುದಾದ ಪರಾವಲಂಬಿ ಹುಳುಗಳನ್ನು ಕೊಲ್ಲುವುದು.

ಈ ಹುಳುಗಳಲ್ಲಿ ಮುಖ್ಯವಾದದ್ದು ಅನಿಸಾಕಿಸ್. ಇದರ ಮರಿಹುಳುಗಳು ಬಂಗುಡೆಯ ಜಾತಿಯ ಮೀನು, ಕಾಡ್, ಹೆರಿಂಗ್, ಕಾಡು ಸಾಲ್ಮನ್ (ಅಂದರೆ ಸಾಕದೆ ತಾನಾಗಿ ಬೆಳೆದದ್ದು), ಬೊಂಡಾಸ್ (ಸ್ಕ್ವಿಡ್) ಮುಂತಾದ ಸಮುದ್ರಜೀವಿಗಳ ಕರುಳಿನ ಸುತ್ತ ಇರುತ್ತವೆ. ಮೀನು ಸತ್ತ ಮೇಲೆ ಕೆಲವು ಮಾಂಸದೊಳಕ್ಕೂ ಸರಿಯುತ್ತವೆ. ಜೀವಂತ ಹುಳುವನ್ನು ನುಂಗಿದರೆ ಅದು ಜಠರದ ಗೋಡೆಯನ್ನು ಕೊರೆಯಲು ಯತ್ನಿಸುತ್ತದೆ, ಕೆಲವೇ ಗಂಟೆಗಳಲ್ಲಿ ಸಹಿಸಲಾಗದ ಹೊಟ್ಟೆನೋವು ಬರುತ್ತದೆ. ವಿನೆಗರ್, ಉಪ್ಪು, ವಸಾಬಿ, ನಿಂಬೆರಸ ಇವುಗಳಲ್ಲಿ ನೆನೆಸಿದರೆ ಹುಳು ಸಾಯುತ್ತದೆ ಎಂಬ ನಂಬಿಕೆ ತಪ್ಪು. ಶಾಂತ ಸಾಗರದ ಕಾಡು ಸಾಲ್ಮನ್ನಿನಲ್ಲಿ ಇದಲ್ಲದೆ ಲಾಡಿಹುಳುವಿನ ಮರಿಗಳೂ ಇರಬಹುದು. ಜಪಾನೀಯರು ಶತಮಾನಗಳ ಕಾಲ ಸಾಲ್ಮನ್ನನ್ನು ಉಪ್ಪು ಹಾಕಿಯೋ ಬೇಯಿಸಿಯೋ ತಿಂದರೇ ಹೊರತು ಹಸಿಯಾಗಿ ತಿನ್ನದೆ ಇದ್ದದ್ದು ಈ ಅನುಭವದಿಂದಲೇ. ಉತ್ತರದ ಹೊಕ್ಕೈಡೋ ದ್ವೀಪದ ಐನು ಜನ ಮಾತ್ರ ಚಳಿಗಾಲದ ಹಿಮದಲ್ಲಿ ಗಟ್ಟಿಯಾದ ಸಾಲ್ಮನ್ನನ್ನು ತೆಳುವಾಗಿ ಕತ್ತರಿಸಿ ಹಸಿಯಾಗಿ ತಿನ್ನುತ್ತಿದ್ದರು. ಈಗಿನ ಸಂಹಿತೆಯು ಯಂತ್ರದಿಂದ ಮಾಡಿಸುವ ಕೆಲಸವನ್ನು ಅವರಿಗೆ ಅಲ್ಲಿನ ಚಳಿ ಮಾಡಿಕೊಟ್ಟಿತ್ತು.

ಸಾಲ್ಮನ್ ಸುಶಿ ಇಂದು ಮಕ್ಕಳ ಅಚ್ಚುಮೆಚ್ಚಿನದಾಗಿರುವುದಕ್ಕೆ ಕಾರಣ ನಾರ್ವೆ. 1980ರ ದಶಕದಲ್ಲಿ ಸಾಕಣೆಯ ಅಟ್ಲಾಂಟಿಕ್ ಸಾಲ್ಮನ್ ಹೇರಳವಾಗಿದ್ದ ಆ ದೇಶ ‘ಪ್ರಾಜೆಕ್ಟ್ ಜಪಾನ್’ ಎಂಬ ಯೋಜನೆಯ ಮೂಲಕ, ತಮ್ಮ ಮೀನನ್ನು ಹಸಿಯಾಗಿ ತಿನ್ನಬಹುದು ಎಂದು ಜಪಾನಿನ ಕೊಳ್ಳುವವರನ್ನು ಒಪ್ಪಿಸಲು ವರ್ಷಗಟ್ಟಲೆ ಶ್ರಮಿಸಿತು. ಅವರ ವಾದದ ತಿರುಳು ಆಹಾರದಲ್ಲಿತ್ತು: ಹುಳು ಬರುವುದು ಮೀನಿಗೆ ಆಹಾರವಾಗುವ ಸಣ್ಣ ಜೀವಿಗಳಿಂದ, ಬಲೆಗೂಡಿನೊಳಗೆ ಒಣ ಗುಳಿಗೆಯ ಆಹಾರವನ್ನಷ್ಟೇ ತಿಂದು ಬೆಳೆದ ಮೀನಿಗೆ ಅದು ಬರುವ ದಾರಿಯೇ ಬಹುತೇಕ ಇರುವುದಿಲ್ಲ. ಅಮೆರಿಕದ ಸಂಹಿತೆಯೂ ಇದನ್ನು ಒಪ್ಪಿ, ಜೀವಂತ ಪರಾವಲಂಬಿಗಳಿಲ್ಲದ ಗುಳಿಗೆಯ ಆಹಾರದಿಂದ ಬೆಳೆದ ಸಾಕಣೆ ಮೀನಿಗೆ ಹೆಪ್ಪುಗಟ್ಟಿಸುವ ನಿಯಮದಿಂದ ವಿನಾಯಿತಿ ಕೊಟ್ಟಿದೆ. ಯೆಲ್ಲೋಫಿನ್, ಬಿಗ್‌ಐ, ಬ್ಲೂಫಿನ್, ಆಲ್ಬಕೋರ್ ಮುಂತಾದ ಟ್ಯೂನಾ ಜಾತಿಗಳಿಗೂ ಈ ವಿನಾಯಿತಿ ಇದೆ.

ಇಲ್ಲಿ ನಿಮಗೊಂದು ಪ್ರಶ್ನೆ ಹುಟ್ಟುವುದು ಸಹಜ. ಸೂಪರ್ ಮಾರ್ಕೆಟ್ಟಿನ 12 ಡಾಲರಿನ ಮೀನೂ ‘ಅಟ್ಲಾಂಟಿಕ್ ಸಾಲ್ಮನ್’ ಎಂದೇ ಇದ್ದರೆ ಅದೂ ಸಾಕಣೆಯದೇ ಅಲ್ಲವೇ, ಹುಳುವಿನ ಭಯ ಅದಕ್ಕೂ ಇಲ್ಲವಲ್ಲ? ಹೌದು, ಅಮೆರಿಕದ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಮಾರಾಟವಾಗುವುದು ಬಹುತೇಕ ಎಲ್ಲವೂ ಸಾಕಣೆಯ ಮೀನೇ. ಆದರೆ ಹುಳುವಿನ ಪ್ರಶ್ನೆ ಮುಗಿದ ಕಡೆ ಬ್ಯಾಕ್ಟೀರಿಯದ ಪ್ರಶ್ನೆ ಆರಂಭವಾಗುತ್ತದೆ. ಬೇಯಿಸಿ ತಿನ್ನುತ್ತಾರೆ ಎಂಬ ಭರವಸೆಯಲ್ಲಿ ಮಾರುವ ಮೀನನ್ನು ಅದೇ ಭರವಸೆಯಲ್ಲಿ ನಿಭಾಯಿಸಿರುತ್ತಾರೆ. ಕಾಡು ಮೀನು ಕತ್ತರಿಸಿದ ಹಲಗೆಯ ಮೇಲೆ, ಅದೇ ಚೂರಿಯಲ್ಲಿ ಇದನ್ನೂ ಕತ್ತರಿಸಿರಬಹುದು, ತೆರೆದ ಮಂಜುಗಡ್ಡೆಯ ಹಾಸಿನ ಮೇಲೆ ದಿನವಿಡೀ ಇಟ್ಟಿರಬಹುದು, ಗಾಡಿಯಿಂದ ಇಳಿಸುವಾಗ ಸ್ವಲ್ಪ ಹೊತ್ತು ಬೆಚ್ಚಗಾಗಿರಬಹುದು. ಬೆಂಕಿಯ ಮೇಲೆ ಹತ್ತು ನಿಮಿಷ ಇಡುವವರಿಗೆ ಇದು ಲೆಕ್ಕಕ್ಕಿಲ್ಲ. ಹಸಿಯಾಗಿ ಮಗುವಿನ ಬಾಯಿಗೆ ಕೊಡುವವರಿಗೆ ಲೆಕ್ಕಕ್ಕೆ ಬರುತ್ತದೆ. ಜಪಾನೀ ಅಂಗಡಿ ಹೆಚ್ಚು ಕೇಳುವ ಹಣದ ದೊಡ್ಡ ಪಾಲು ಹೋಗುವುದು ಇಂಥ ಕಡೆಗೆ: ಆಯ್ದು ಕೊಳ್ಳುವುದಕ್ಕೆ, ಪ್ರತ್ಯೇಕ ಹಲಗೆ ಚೂರಿಗಳಿಗೆ, ತರಬೇತಾದ ಕೈಗೆ, ಉದ್ದಕ್ಕೂ ತಂಪು ತಪ್ಪದಂತೆ ಕಾಯುವುದಕ್ಕೆ, ಒಂದೆರಡು ದಿನದಲ್ಲಿ ಮಾರಾಟವಾಗದೆ ಉಳಿದದ್ದನ್ನು ಹಸಿ ಮೀನಿನ ಸಾಲಿನಿಂದ ತೆಗೆದುಹಾಕುವುದಕ್ಕೆ. ಮಾರಾಟವಾಗದ ತುಂಡಿನ ಬೆಲೆಯನ್ನೂ ಮಾರಾಟವಾದ ತುಂಡೇ ಹೊರಬೇಕು.

ಟ್ಯೂನಾದ ವಿಷಯದಲ್ಲಿ ತಂಪಿನ ಖರ್ಚು ಇನ್ನೂ ಹೆಚ್ಚು. ಅದರ ಕೆಂಪು ಬಣ್ಣಕ್ಕೆ ಕಾರಣವಾದ ಮಯೋಗ್ಲೋಬಿನ್ ಸಾಧಾರಣ ಫ್ರೀಜರಿನ ತಾಪಮಾನದಲ್ಲಿ ಕ್ರಮೇಣ ಕಂದಾಗುತ್ತದೆ. ಅದನ್ನು ತಡೆಯಲು ದೂರಸಮುದ್ರದ ಹಡಗುಗಳಲ್ಲೇ ಮೈನಸ್ 60 ಡಿಗ್ರಿಯವರೆಗೆ ತಣಿಸಿ, ಮಾರುಕಟ್ಟೆಯವರೆಗೂ ಅದೇ ಚಳಿಯಲ್ಲಿ ತರುತ್ತಾರೆ. ಜಾತಿ ಮತ್ತು ಭಾಗದ ಮೇಲೂ ಬೆಲೆ ಬದಲಾಗುತ್ತದೆ. ಬ್ಲೂಫಿನ್ ಎಲ್ಲಕ್ಕಿಂತ ದುಬಾರಿ. ಅದರ ಹೊಟ್ಟೆಯ ಮುಂಭಾಗದ ಕೊಬ್ಬಿನ ಮಾಂಸ, ಅಂದರೆ ಓತೊರೊ, ಇಡೀ ಮೀನಿನಲ್ಲಿ ಬಹಳ ಸ್ವಲ್ಪವೇ ಇರುವುದರಿಂದ ಇನ್ನೂ ದುಬಾರಿ. ಬೆನ್ನಿನ ಕಡೆಯ ಕೆಂಪು ಮಾಂಸವಾದ ಅಕಾಮಿ ಅಗ್ಗ, ಯೆಲ್ಲೋಫಿನ್ ಮತ್ತು ಆಲ್ಬಕೋರ್ ಜಾತಿಯವು ಇನ್ನಷ್ಟು ಅಗ್ಗ. ಟೋಕಿಯೋದ ತೊಯೊಸು ಮಾರುಕಟ್ಟೆಯಲ್ಲಿ 2019ರ ಜನವರಿಯ ಮೊದಲ ಹರಾಜಿನಲ್ಲಿ 278 ಕಿಲೋ ತೂಕದ ಒಂದು ಬ್ಲೂಫಿನ್ 33 ಕೋಟಿ 36 ಲಕ್ಷ ಯೆನ್‌ಗೆ ಹೋದ ಸುದ್ದಿಯನ್ನು ನೀವು ಓದಿರಬಹುದು. ಅದು ಹೊಸ ವರ್ಷದ ಮೊದಲ ಮೀನಿಗೆ ಸುಶಿ ಸರಣಿಯೊಂದರ ಮಾಲೀಕರು ಗೌರವಕ್ಕೂ ಪ್ರಚಾರಕ್ಕೂ ಕೊಟ್ಟ ಬೆಲೆ. ನಿಮ್ಮ ಅಂಗಡಿಯ 38 ಡಾಲರಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ನಿಮ್ಮ ಫ್ರೀಜರಿನ ಪ್ರಶ್ನೆ. ಮನೆಯ ಫ್ರಿಜ್ಜಿನ ಮೇಲ್ಭಾಗದ ಫ್ರೀಜರನ್ನು ಸಾಮಾನ್ಯವಾಗಿ ಸೊನ್ನೆ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿರುತ್ತಾರೆ. ನಿಯಮ ಕೇಳುವುದು ಮೈನಸ್ 20. ಎರಡು ಡಿಗ್ರಿಯ ಅಂತರ ಅಲ್ಪವೆಂದು ಕಾಣುತ್ತದೆ, ಆದರೆ ಮಕ್ಕಳು ಐಸ್‌ಕ್ರೀಮಿಗೆಂದು ಬಾಗಿಲು ತೆಗೆದಾಗಲೆಲ್ಲ, ಯಂತ್ರ ತಾನೇ ಹಿಮ ಕರಗಿಸಿಕೊಂಡಾಗಲೆಲ್ಲ ಒಳಗಿನ ತಾಪಮಾನ ಏರುತ್ತದೆ. ಏಳು ದಿನ ನಿರಂತರವಾಗಿ, ಮೀನಿನ ನಡುಭಾಗದವರೆಗೂ, ಅಷ್ಟು ಚಳಿ ತಲುಪಿತ್ತೆಂದು ಹೇಳಲು ನಿಮ್ಮ ಬಳಿ ಆಧಾರವಿರುವುದಿಲ್ಲ. ಹುಳು ಸತ್ತಿತೆಂದೇ ಇಟ್ಟುಕೊಂಡರೂ ಬ್ಯಾಕ್ಟೀರಿಯಗಳು ಹೆಪ್ಪಿನಲ್ಲಿ ಸಾಯುವುದಿಲ್ಲ, ಸುಮ್ಮನೆ ಬಿದ್ದಿದ್ದು ಕರಗಿದೊಡನೆ ಮತ್ತೆ ಬೆಳೆಯುತ್ತವೆ. ಅಂಗಡಿಯಲ್ಲಿ ಆದ ಅಜಾಗ್ರತೆಯನ್ನು ಮನೆಯ ಫ್ರೀಜರ್ ತೊಳೆಯಲಾರದು. ರುಚಿಯ ನಷ್ಟವೂ ಇದೆ: ನಿಧಾನವಾಗಿ ಹೆಪ್ಪುಗಟ್ಟಿದ ಮಾಂಸದೊಳಗೆ ಮಂಜಿನ ದೊಡ್ಡ ಹರಳುಗಳಾಗಿ ಅವು ಎಳೆಗಳನ್ನು ಹರಿಯುತ್ತವೆ, ಕರಗಿಸಿದಾಗ ನೀರು ಬಿಟ್ಟು ಹೋಳು ಮೆತ್ತಗಾಗುತ್ತದೆ. ಕಾರ್ಖಾನೆಯಲ್ಲಿ ವೇಗವಾಗಿ ಹೆಪ್ಪುಗಟ್ಟಿಸಿದ ಮೀನು ಹಾಗಾಗುವುದಿಲ್ಲ. ಹಾಗಾಗಿ ಹಸಿಯಾಗಿ ತಿನ್ನಲೆಂದೇ ಹೆಪ್ಪುಗಟ್ಟಿಸಿ ನಿರ್ವಾತ ಚೀಲದಲ್ಲಿ ಮಾರುವ ಸಾಕು ಸಿಕ್ಕರೆ ಹಿಂಜರಿಯದೆ ಕೊಳ್ಳಿ. ‘ಹೆಪ್ಪುಗಟ್ಟಿಸದ ತಾಜಾ’ ತುಂಡಿಗಿಂತ ಅದು ಹೆಚ್ಚಾಗಿ ಅಗ್ಗವೂ ಹೌದು, ನನ್ನ ಅಭಿಪ್ರಾಯದಲ್ಲಿ ಹೆಚ್ಚು ನಂಬಿಕೆಗೆ ಅರ್ಹವೂ ಹೌದು. ಕರಗಿಸುವಾಗ ಮಾತ್ರ ಚೀಲವನ್ನು ಮೊದಲು ತೆರೆದು, ಮೀನನ್ನು ಕಾಗದದ ಟವೆಲಿನಲ್ಲಿ ಸುತ್ತಿ, ಫ್ರಿಜ್ಜಿನೊಳಗೇ ರಾತ್ರಿಯಿಡೀ ಇಡಿ. ಗಾಳಿಯಾಡದ ಚೀಲದೊಳಗೆ ಮೀನು ಕರಗುತ್ತ ಕೂತರೆ ಮಾರಕ ವಿಷ ಉಂಟುಮಾಡುವ ಬೊಟುಲಿನಮ್ ಜಾತಿಯ ಬ್ಯಾಕ್ಟೀರಿಯಕ್ಕೆ ಅನುಕೂಲವಾಗುತ್ತದೆ, ಅದರ ಒಂದು ಬಗೆ ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲದು.

ಮಲ್ಪೆಯ ಕಡೆಯವರ ಕಣ್ಣಿನ ಬಗ್ಗೆ ನನಗೆ ಬಹಳ ಗೌರವವಿದೆ. ಕಿವಿರನ್ನು ಎತ್ತಿ ಬಣ್ಣ ನೋಡುವುದು, ಕಣ್ಣಿನ ಉಬ್ಬು ಗಮನಿಸುವುದು, ಬೆರಳಿನಿಂದ ಒತ್ತಿ ಮಾಂಸ ಮತ್ತೆ ಮೇಲೇಳುವುದನ್ನು ಕಾಯುವುದು, ಇವೆಲ್ಲ ಮೀನಿನ ವಿಜ್ಞಾನಿಗಳೂ ಬಳಸುವ ಪರೀಕ್ಷೆಗಳು. ಆದರೆ ಇಲ್ಲಿ ಎರಡು ತೊಡಕುಗಳಿವೆ. ಪ್ಲಾಸ್ಟಿಕ್ ಹಾಳೆ ಸುತ್ತಿದ ತುಂಡಿಗೆ ಕಿವಿರೂ ಇಲ್ಲ, ಕಣ್ಣೂ ಇಲ್ಲ. ಎರಡನೆಯದು ಇನ್ನೂ ಮುಖ್ಯ: ತಾಜಾತನ ಹುಳುವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಈಗತಾನೇ ದಡಕ್ಕೆ ಬಂದ ಮೀನಿನೊಳಗಿನ ಹುಳು ಮೀನಿನಷ್ಟೇ ತಾಜಾ ಇರುತ್ತದೆ. ಬಣ್ಣವಂತೂ ಅಮೆರಿಕದಲ್ಲಿ ಪೂರ್ತಿ ನಂಬಲಾಗದ ಲಕ್ಷಣ. ಟ್ಯೂನಾಕ್ಕೆ ಕಾರ್ಬನ್ ಮೋನಾಕ್ಸೈಡ್ ಅಥವಾ ಅದನ್ನು ಹೊಂದಿದ ರುಚಿಯಿಲ್ಲದ ಹೊಗೆಯನ್ನು ಹಾಯಿಸಿದರೆ ಅದು ಹಳೆಯದಾದರೂ ಕಲ್ಲಂಗಡಿಯ ಕೆಂಪಿನಲ್ಲೇ ಉಳಿಯುತ್ತದೆ. ಜಪಾನ್ ಮತ್ತು ಯುರೋಪಿಯನ್ ಒಕ್ಕೂಟ ಇದನ್ನು ನಿಷೇಧಿಸಿವೆ, ಅಮೆರಿಕ ಅನುಮತಿಸಿದೆ. ಅಗ್ಗದ ಟ್ಯೂನಾ ಪೊಟ್ಟಣದ ಹಿಂಬದಿಯಲ್ಲಿ ಹೊಗೆಯ ಅಥವಾ ಕಾರ್ಬನ್ ಮೋನಾಕ್ಸೈಡಿನ ಉಲ್ಲೇಖವಿದೆಯೇ ಎಂದು ಓದಿ ನೋಡಿ. ಅದನ್ನು ತಿಂದರೆ ವಿಷವಾಗುತ್ತದೆ ಎಂದಲ್ಲ, ಕೆಂಪನ್ನು ನೋಡಿ ವಯಸ್ಸನ್ನು ಅಂದಾಜಿಸುವ ದಾರಿ ಮುಚ್ಚಿಹೋಗಿರುತ್ತದೆ ಎಂದಷ್ಟೇ.

ಅಗ್ಗದ ಹೆಸರಿನಲ್ಲಿ ಬರುವ ಇನ್ನೊಂದು ಮೀನಿನ ಬಗ್ಗೆ ಎಚ್ಚರಿಸದೆ ಮುಂದೆ ಹೋಗಲಾರೆ. ‘ವೈಟ್ ಟ್ಯೂನಾ’ ಎಂದು ಮಾರುವ ಬೆಳ್ಳನೆಯ, ಬೆಣ್ಣೆಯಂಥ ಮಾಂಸ ಕೆಲವು ಕಡೆ ಟ್ಯೂನಾವೇ ಅಲ್ಲ, ಎಸ್ಕೊಲಾರ್ ಎಂಬ ಬೇರೆ ಮೀನು. ಅದರ ಕೊಬ್ಬು ನಮ್ಮ ದೇಹ ಜೀರ್ಣಿಸಲಾರದ ಮೇಣದ ಬಗೆಯದು, ಸ್ವಲ್ಪ ಹೆಚ್ಚು ತಿಂದರೆ ಎಣ್ಣೆಯಂಥ ಭೇದಿಯಾಗುತ್ತದೆ. ಜಪಾನ್ ಅದರ ಮಾರಾಟವನ್ನೇ ನಿಷೇಧಿಸಿದೆ. ‘ಆಲ್ಬಕೋರ್’ ಎಂದು ಜಾತಿಯ ಹೆಸರೇ ಬರೆದಿದ್ದರೆ ಕೊಳ್ಳಿ, ಬರೆದಿರದಿದ್ದರೆ ಬೇಡ.

ಹಾಗಾದರೆ ಉಳಿತಾಯ ಎಲ್ಲಿ ಸಾಧ್ಯ? ಜಪಾನಿನ ಮನೆಗಳಲ್ಲಿ ಏನು ಮಾಡುತ್ತಾರೆಂದು ನೋಡಿದರೆ ದಾರಿ ತಾನಾಗಿ ಕಾಣುತ್ತದೆ. ಅಲ್ಲಿ ಸಾಮಾನ್ಯ ಗೃಹಿಣಿ ನಿಗಿರಿ ಮಾಡಲು ಹೋಗುವುದು ಅಪರೂಪ, ಅದು ಅಂಗಡಿಯವರ ಕಸುಬು. ಮನೆಯಲ್ಲಿ ಮಾಡುವುದು ತೆಮಾಕಿ: ವಿನೆಗರ್ ಕಲಸಿದ ಅನ್ನ, ಕತ್ತರಿಸಿದ ನೋರಿ ಹಾಳೆ, ಹತ್ತಾರು ಬಗೆಯ ಹೂರಣಗಳನ್ನು ಮೇಜಿನ ನಡುವೆ ಇಟ್ಟು ಪ್ರತಿಯೊಬ್ಬರೂ ತಮಗೆ ಬೇಕಾದದ್ದನ್ನು ಕೈಯಲ್ಲೇ ಸುತ್ತಿಕೊಂಡು ತಿನ್ನುವ ಪದ್ಧತಿ. ಮಾರ್ಚ್ 3ರ ಹೆಣ್ಣುಮಕ್ಕಳ ಹಬ್ಬಕ್ಕೆ ಅನ್ನದ ಮೇಲೆ ಎಲ್ಲವನ್ನೂ ಹರಡಿದ ಚಿರಾಶಿ ಮಾಡುತ್ತಾರೆ. ಎರಡರಲ್ಲೂ ಹಸಿ ಮೀನು ಹಲವು ಪದಾರ್ಥಗಳಲ್ಲಿ ಒಂದು ಮಾತ್ರ. ಸಿಹಿಯಾಗಿ ಬೇಯಿಸಿ ಚೀಲದಂತೆ ಮಾಡಿದ ಹುರಿದ ತೋಫುವಿನೊಳಗೆ ಅನ್ನ ತುಂಬುವ ಇನಾರಿ, ಸೌತೆಕಾಯಿಯ ಕಪ್ಪಾ ಸುರುಳಿ, ಪದರ ಪದರವಾಗಿ ಸುತ್ತಿದ ಸಿಹಿ ಮೊಟ್ಟೆ, ಡಬ್ಬಿಯ ಟ್ಯೂನಾಕ್ಕೆ ಮೇಯನೇಸ್ ಕಲಸಿದ ಹೂರಣ, ಅರೆದ ಮೀನಿನಿಂದ ಮಾಡಿದ, ಏಡಿಯ ರುಚಿಯ ಕಡ್ಡಿ, ಇವು ಯಾವುದೂ ಬದಲಿ ಆಹಾರವಲ್ಲ, ಎಲ್ಲವೂ ಅಸಲಿ ಸುಶಿಯೇ. ನಿಮ್ಮ ಅತ್ತೆಯವರಿಗೂ ಇವನ್ನೇ ಕೊಡಿ. ವಯಸ್ಸಾದವರು, ಗರ್ಭಿಣಿಯರು, ತೀರಾ ಚಿಕ್ಕ ಮಕ್ಕಳು, ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಮೀನು ತಿನ್ನಬಾರದು ಎಂಬುದು ಅಮೆರಿಕದ ಆರೋಗ್ಯ ಇಲಾಖೆಗಳ ಸಲಹೆ, ನನ್ನ ಸಲಹೆಯೂ ಅದೇ. ಮಕ್ಕಳಿಗೆ ಟ್ಯೂನಾ ಕೊಡುವಾಗ ಪಾದರಸದ ಅಂಶ ಹೆಚ್ಚಿರುವ ಬಿಗ್‌ಐ ಜಾತಿಯನ್ನು ಬಿಟ್ಟು ಯೆಲ್ಲೋಫಿನ್ ಆರಿಸಿಕೊಳ್ಳಿ, ಅದೂ ಅಪರೂಪಕ್ಕೆ. ಸಾಲ್ಮನ್ನಿಗೆ ಆ ಆತಂಕವಿಲ್ಲ.

ಸಾಕು ಕತ್ತರಿಸಿದ ಮೇಲೆ ಉಳಿದ ಚೂರುಪಾರುಗಳನ್ನೂ ಜಪಾನೀ ಅಂಗಡಿಗಳು ಹಸಿಯಾಗಿ ತಿನ್ನಲೆಂದೇ ಕಡಿಮೆ ಬೆಲೆಗೆ ಮಾರುವುದುಂಟು. ಕೈಯಲ್ಲಿ ಸುತ್ತಿಕೊಳ್ಳುವ ತೆಮಾಕಿಗೆ ಹೋಳಿನ ಅಂದ ಬೇಕಿಲ್ಲವಾದ್ದರಿಂದ ಈ ಚೂರುಗಳನ್ನು ಸಣ್ಣಗೆ ಕೊಚ್ಚಿ ಈರುಳ್ಳಿ ಸೊಪ್ಪು ಬೆರೆಸಿದರೆ ಸೊಗಸಾದ ಹೂರಣವಾಗುತ್ತದೆ. ನನ್ನ ಮಟ್ಟಿಗೆ ಇಡೀ ಅಂಗಡಿಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಲೆಬಾಳುವ ವಸ್ತು ಇದು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಸಾಶಿಮಿ (ಅನ್ನವಿಲ್ಲದ ಹಸಿ ಮೀನಿನ ಹೋಳು) ತಟ್ಟೆಗಳ ಮೇಲೆ ರಿಯಾಯಿತಿಯ ಚೀಟಿ ಅಂಟಿಸುವುದು ಜಪಾನಿನ ಸೂಪರ್ ಮಾರ್ಕೆಟ್ಟುಗಳ ವಾಡಿಕೆ, ಹೊರದೇಶದ ಕೆಲವು ಜಪಾನೀ ಅಂಗಡಿಗಳಲ್ಲೂ ಇದೆ. ಅಂಥದ್ದನ್ನು ಕೊಂಡರೆ ಆ ರಾತ್ರಿಯೇ ತಿನ್ನಬೇಕು, ಮರುದಿನಕ್ಕೆ ಇಡಬಾರದು. ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯ ಮಾಂಸ ಕೊಳ್ಳುವುದಾದರೆ ‘ಡ್ರೈ’ ಎಂದು ಗುರುತಿಸಿದ್ದನ್ನೇ ಕೇಳಿ. ‘ವೆಟ್’ ಬಗೆಯದನ್ನು ಫಾಸ್ಫೇಟ್ ದ್ರಾವಣದಲ್ಲಿ ನೆನೆಸಿ ತೂಕ ಏರಿಸಿರುತ್ತಾರೆ, ಪೌಂಡಿನ ಬೆಲೆ ಕಡಿಮೆ ಕಂಡರೂ ನೀವು ನೀರಿಗೆ ಹಣ ಕೊಡುತ್ತಿರುತ್ತೀರಿ.

ಅಕ್ಕಿಯಲ್ಲಿ ಮಾತ್ರ ಉಳಿತಾಯ ಬೇಡ. ಸೋನಾ ಮಸೂರಿ ಬಿಡಿಬಿಡಿಯಾಗಿ ಅರಳುವ ಅಕ್ಕಿ, ಎಷ್ಟು ಬೇಯಿಸಿದರೂ ಸುಶಿಗೆ ಬೇಕಾದ ಹಿಡಿತ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲೇ ಬೆಳೆಯುವ, ಅಂಟುವ ಗುಣದ ಕ್ಯಾಲ್‌ರೋಸ್ ಅಕ್ಕಿ ದುಬಾರಿಯೂ ಅಲ್ಲ. ಅನ್ನ ಚೆನ್ನಾಗಿದ್ದರೆ ಮೀನು ಕಡಿಮೆಯೆಂದು ಯಾರೂ ದೂರುವುದಿಲ್ಲ.

ಮೀನಿನ ಕಟ್ಟೆಯ ಮುಂದೆ ನಿಂತಾಗ ‘ಇದು ಸುಶಿ ಗ್ರೇಡೇ?’ ಎಂದು ಕೇಳಬೇಡಿ, ಹೌದು ಎಂಬ ಉತ್ತರ ಸುಲಭವಾಗಿ ಬರುತ್ತದೆ. ಸಾಕಣೆಯದೋ ಕಾಡಿನದೋ ಎಂದು ಕೇಳಿ. ಹೆಪ್ಪುಗಟ್ಟಿಸಿದ್ದರೆ ಯಾವ ತಾಪಮಾನದಲ್ಲಿ, ಎಷ್ಟು ದಿನ ಎಂದು ಕೇಳಿ. ಇಂದು ಕತ್ತರಿಸಿದ್ದೋ ನಿನ್ನೆಯದೋ, ಹಸಿ ತಿನ್ನುವ ಮೀನಿಗೆ ಬೇರೆ ಹಲಗೆ ಇಟ್ಟಿದ್ದೀರಾ ಎಂದು ಕೇಳಿ. ಬಲ್ಲವನು ತಡವರಿಸದೆ ಉತ್ತರಿಸುತ್ತಾನೆ, ಉತ್ತರಿಸಲಾಗದವನ ಮೀನನ್ನು ಬೇಯಿಸಿ ತಿನ್ನಿ. ಅಲಾಸ್ಕಾದ ಸಾಲ್ಮನ್ ಎಂದು ಬರೆದಿದ್ದರೆ ಅದು ಕಾಡಿನದೇ, ಏಕೆಂದರೆ ಆ ರಾಜ್ಯ 1990ರಲ್ಲೇ ಸಾಲ್ಮನ್ ಸಾಕಣೆಯನ್ನು ನಿಷೇಧಿಸಿತು. ಸಾಕ್‌ಐ, ಕೋಹೋ ಮುಂತಾದ ಆ ಕಡೆಯ ಮೀನುಗಳನ್ನು ವ್ಯಾಪಾರಿ ಮಟ್ಟದಲ್ಲಿ ನಿಯಮದಂತೆ ಹೆಪ್ಪುಗಟ್ಟಿಸಿರದಿದ್ದರೆ ಹಸಿಯಾಗಿ ಮುಟ್ಟಬೇಡಿ, ಎಷ್ಟೇ ಹೊಳೆಯುತ್ತಿದ್ದರೂ. ಅಂಗಡಿಗೆ ಹೋಗುವಾಗ ಮಂಜುಗಡ್ಡೆ ಹಾಕಿದ ತಂಪು ಚೀಲ ಒಯ್ಯಿರಿ, ಮೀನನ್ನು ಕೊನೆಗೆ ಕೊಳ್ಳಿ, ಬೇರೆಲ್ಲೂ ನಿಲ್ಲದೆ ಮನೆಗೆ ಬನ್ನಿ.

ಕೊನೆಯದಾಗಿ ಅಂಜಲ್. ಆ ಮೀನಿನ ಹತ್ತಿರದ ಸಂಬಂಧಿಯಾದ ಸವಾರಾ ಎಂಬುದನ್ನು ಜಪಾನಿನ ಒಕಾಯಾಮಾ ಪ್ರಾಂತದವರು ಬಹಳ ಪ್ರೀತಿಯಿಂದ ಹಸಿಯಾಗಿ ತಿನ್ನುತ್ತಾರೆ. ಆದ್ದರಿಂದ ದೋಷ ಮೀನಿನ ಜಾತಿಯದಲ್ಲ. ನಮ್ಮ ಕರಾವಳಿಯಲ್ಲಿ ಮೀನು ಬಲೆಯಿಂದ ಅಡುಗೆಮನೆಗೆ ಬರುವ ಇಡೀ ದಾರಿ ಬೇಯಿಸಿ ತಿನ್ನುವವರಿಗಾಗಿ ರೂಪುಗೊಂಡದ್ದು. ಅಂಜಲ್, ಬಂಗುಡೆ, ಟ್ಯೂನಾ ಒಂದೇ ಕುಟುಂಬದವು; ಈ ಕುಟುಂಬದ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚಿರುವುದರಿಂದ ಬಿಸಿಲಿಗೆ ಸ್ವಲ್ಪ ಹೊತ್ತು ಸಿಕ್ಕರೂ ಬ್ಯಾಕ್ಟೀರಿಯಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ, ತಿಂದವರಿಗೆ ಮುಖ ಕೆಂಪಾಗಿ ತಲೆನೋವು, ತುರಿಕೆ, ವಾಂತಿ ಬರುತ್ತವೆ. ಒಮ್ಮೆ ಉಂಟಾದ ಹಿಸ್ಟಮಿನ್ ಹೆಪ್ಪುಗಟ್ಟಿಸಿದರೂ ಹೋಗದು, ಬೇಯಿಸಿದರೂ ಹೋಗದು. ದೋಣಿಯಿಂದ ನೇರವಾಗಿ, ತುಂಬ ಮಂಜುಗಡ್ಡೆಯಲ್ಲಿ ಬಂದ ಮೀನೆಂದು ಖಚಿತವಿದ್ದಾಗಲೂ ಹುಳುವಿಗಾಗಿ ಹೆಪ್ಪುಗಟ್ಟಿಸುವ ಹಂತ ಉಳಿದೇ ಇರುತ್ತದೆ. ಕೆರೆ ಹೊಳೆಗಳ ರೋಹು, ಕಾಟ್ಲಾಗಳನ್ನಂತೂ ಯಾವ ಕಾರಣಕ್ಕೂ ಹಸಿಯಾಗಿ ಬಳಸಬಾರದು. ಸಿಹಿನೀರಿನ ಮೀನಿನ ಪರಾವಲಂಬಿಗಳು ಇನ್ನೂ ಅಪಾಯಕಾರಿ. ಊರಿಗೆ ಹೋಗುವಾಗ ಎರಡು ಕಿಲೋ ಗಿಡ್ಡ ಅಕ್ಕಿ, ಒಂದು ಕಟ್ಟು ನೋರಿ, ಒಂದು ಬಾಟಲಿ ಅಕ್ಕಿಯ ವಿನೆಗರ್ ಒಯ್ಯಿರಿ. ಅಂಜಲನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಉಪ್ಪು ಸವರಿ, ಕಾವಲಿಯ ಮೇಲೆ ಎರಡೂ ಕಡೆ ಕೆಂಪಗೆ ಬೇಯಿಸಿ, ಸೌತೆಕಾಯಿ ಮತ್ತು ಎಳೆ ಶುಂಠಿಯ ಉಪ್ಪಿನಕಾಯಿಯೊಡನೆ ನೋರಿಯಲ್ಲಿ ಸುತ್ತಿಕೊಡಿ. ಅಲ್ಲಿ ಮೀನು ಸುಲಭವಾಗಿ ಸಿಗುವುದರಿಂದ ಹೂರಣವನ್ನು ಧಾರಾಳವಾಗಿ ತುಂಬಬಹುದು, ಅತ್ತೆಯವರೂ ಮಕ್ಕಳೂ ಒಂದೇ ತಟ್ಟೆಯಿಂದ ತಿನ್ನಬಹುದು.